ವಾಯಿದೆ ಮೇಲೆ ವಾಯಿದೆ: ಓದುಗರ ಕಾನೂನು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಕೇಸ್ ಮುಗಿಯುತ್ತಿಲ್ಲ’ ಅನ್ನುವ ಗೋಳು. ಉಳಿದವು ಜಡ್ಜ್‌ಗಳ ಬಗ್ಗೆ: ಯಾರು ನೇಮಿಸುತ್ತಾರೆ, ಯಾರ ಮಾತು ಕೇಳುತ್ತಾರೆ, ಇತ್ಯಾದಿ. ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಯಾಕಂದ್ರೆ ಕೇಸ್ ಎಳೆದಷ್ಟೂ ನಡುವೆ ಕೈ ಆಡಿಸುವವರಿಗೆ ಪುರುಸೊತ್ತು ಸಿಗುತ್ತದೆ. ಸಾಕ್ಷಿ ತಿರುಗುತ್ತಾನೆ, ಸರ್ಕಾರ ಬದಲಾಗುತ್ತದೆ, ಪ್ರಾಸಿಕ್ಯೂಟರ್ ಬದಲಾಗುತ್ತಾರೆ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಅಣ್ಣತಮ್ಮಂದಿರ ನಡುವೆ ನಾಲ್ಕು ಎಕರೆ ಜಮೀನಿನ ಪಾಲು ದಾವೆ. ಹಾಕಿ 11 ವರ್ಷ ಆಯ್ತು. ಈಗ ಕೂತಿರುವವರು ನಾಲ್ಕನೇ ಜಡ್ಜ್. ಪ್ರತಿ ಸಲ ಎದುರು ವಕೀಲರು ಡೇಟ್ ಕೇಳುತ್ತಾರೆ, ಸಿಗುತ್ತದೆ. ನನಗೆ 68. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳಿಗೇ ಪತ್ರ ಬರೆದರೆ ಬೇಗ ಆಗುತ್ತಾ?
(ಒಬ್ಬ ರೈತ, ಹಾಸನ ಜಿಲ್ಲೆ)

ಉತ್ತರ: ಬರೆಯಬಹುದು, ಯಾರೂ ತಡೆಯಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ ಯಜಮಾನರೇ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಏನು ಹೇಳುತ್ತದೆ ಗೊತ್ತಾ? ದಾವೆಯ ವಿಚಾರಣೆ ವೇಳೆ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡುವಂತಿಲ್ಲ ಅಂತ. ಹೌದು, ಮೂರು. ನಿಮಗೆ ನಗು ಬಂದರೆ ತಪ್ಪಿಲ್ಲ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಜೊತೆಗೆ, ನಿಜವಾಗಿಯೂ ಕೈಮೀರಿದ ಕಾರಣ ಇದ್ದರೆ ಮೂರರ ಮೇಲೂ ಕೊಡಬಹುದು ಅಂತ ಒಂದು ಕಿಂಡಿ ಬಿಟ್ಟಿತು. ಆ ಕಿಂಡಿಯಲ್ಲಿ ಈಗ ಲಾರಿ ಓಡಾಡುತ್ತಿದೆ.

ಬೆಳಿಗ್ಗೆ 11ಕ್ಕೆ ಯಾವುದಾದರೂ ತಾಲ್ಲೂಕು ಕೋರ್ಟ್ ಹಾಲ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ನೋಡಿ. ಬೆಂಚ್ ಕ್ಲರ್ಕ್ ಒಂದೊಂದೇ ನಂಬರ್ ಕೂಗುತ್ತಾರೆ. ಜೂನಿಯರ್ ಒಬ್ಬರು ಎದ್ದು ‘ಸೀನಿಯರ್ ಬೇರೆ ಕೋರ್ಟ್‌ನಲ್ಲಿದ್ದಾರೆ ಸ್ವಾಮಿ, ಒಂದು ಸಣ್ಣ ಡೇಟ್’ ಅನ್ನುತ್ತಾರೆ. ಎದುರಿನವರು ಸುಮ್ನೆ ನಿಂತಿರುತ್ತಾರೆ. ನಾಳೆ ತಮಗೂ ಇದೇ ಉಪಕಾರ ಬೇಕಾಗುತ್ತದಲ್ಲ! ಕ್ಲರ್ಕ್ ಮುಂದಿನ ತಾರೀಕು ಬರೆದುಕೊಂಡು ಫೈಲ್ ಪಕ್ಕಕ್ಕೆ ಇಡುತ್ತಾರೆ. ಎಲ್ಲ ಸೇರಿ ಒಂದು ನಿಮಿಷ. ನಿಮಗೆ ಎರಡು ತಿಂಗಳು ಹೋಯಿತು, ಬಸ್ ಚಾರ್ಜ್ ಬೇರೆ.

ಆ ಒಂದು ನಿಮಿಷವನ್ನು ನೀವು ಹಿಡಿಯಬೇಕು. ‘ಆಕ್ಷೇಪಣೆ ಇದೆ, ವಾಯಿದೆ ಕೊಡುವುದಾದರೆ ಖರ್ಚು ಹಾಕಿ’ ಅಂತ ನಿಮ್ಮ ವಕೀಲರು ಬಾಯಿಬಿಟ್ಟು ಹೇಳಬೇಕು. ಅದು ಆರ್ಡರ್ ಶೀಟ್‌ನಲ್ಲಿ ದಾಖಲಾಗಬೇಕು. ದಾವೆ ಹಾಕಿದಾಗಿನಿಂದ ಇವತ್ತಿನವರೆಗಿನ ಆರ್ಡರ್ ಶೀಟ್‌ನ ದೃಢೀಕೃತ ನಕಲು ತೆಗೆಸಿ, ಯಾರು ಎಷ್ಟು ಸಲ ಡೇಟ್ ಕೇಳಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. (ಕೆಲವು ಸಲ ನಮ್ಮ ಕಡೆಯವರೇ ಜಾಸ್ತಿ ಕೇಳಿರುತ್ತಾರೆ, ಅದಕ್ಕೂ ತಯಾರಿರಿ.) ಆಮೇಲೆ ನಿಮ್ಮ ವಯಸ್ಸಿನ ದಾಖಲೆ ಲಗತ್ತಿಸಿ, ಬೇಗ ವಿಚಾರಣೆ ಮಾಡಿ ಅಂತ ಅದೇ ಕೋರ್ಟ್‌ಗೆ ಅರ್ಜಿ ಹಾಕಿಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಪ್ರತಿ ತಾರೀಕಿನಂದು ಏನಾಯ್ತು ಅಂತ ಕಾಣುತ್ತದೆ. ಮೊಮ್ಮಕ್ಕಳಿಗೆ ಹೇಳಿ ಹಾಕಿಸಿಕೊಳ್ಳಿ.

ಹೈಕೋರ್ಟ್‌ಗೆ ಹೋಗಿ ‘ಆರು ತಿಂಗಳಲ್ಲಿ ಮುಗಿಸಿ’ ಅಂತ ಆದೇಶ ತರುವ ದಾರಿ ಮೊದಲು ಸಲೀಸಾಗಿತ್ತು. 2024ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟ್‌ನ ಐವರ ಪೀಠ, ಬೇರೆ ಕೋರ್ಟ್‌ಗಳ ಕೇಸಿಗೆ ಹೀಗೆ ಗಡುವು ಹಾಕುವುದನ್ನು ತೀರಾ ಅಪರೂಪದ ಸಂದರ್ಭಕ್ಕೆ ಮಾತ್ರ ಇಟ್ಟುಕೊಳ್ಳಿ ಅಂದಿತು. ಕಾರಣ ನ್ಯಾಯವಾದದ್ದೇ: ಹೈಕೋರ್ಟ್‌ಗೆ ಹೋಗುವಷ್ಟು ದುಡ್ಡಿದ್ದವನ ಕೇಸ್ ಮುಂದಕ್ಕೆ ಬಂದು, ಇಲ್ಲದವನದು ಇನ್ನೂ ಹಿಂದಕ್ಕೆ ಹೋಗಬಾರದು.

ಇನ್ನೊಂದು ಮಾತು. ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಅನ್ನುವ ತೀರ್ಪು) ಆದ ತಕ್ಷಣ ಸಿಹಿ ಹಂಚಬೇಡಿ, ಜಮೀನನ್ನು ನಿಜವಾಗಿ ಭಾಗ ಮಾಡಿಕೊಡುವ ಅಂತಿಮ ಡಿಕ್ರಿ ಆಗಬೇಕು. ಅದಕ್ಕೆ ಹೊಸದಾಗಿ ಅರ್ಜಿ ಹಾಕುವವರೆಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ವಕೀಲರಿಗೆ ನೆನಪಿಸಿ.

ಜಡ್ಜ್‌ಗಳನ್ನು ಬೈದು ಪ್ರಯೋಜನ ಇಲ್ಲ. ಹತ್ತು ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂತ ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಐದು ವರ್ಷದಲ್ಲಿ ಅಷ್ಟು ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಈಗಲೂ 21ರ ಆಸುಪಾಸಿನಲ್ಲೇ ಇದ್ದೇವೆ. ಹುದ್ದೆ ಮಂಜೂರು ಮಾಡುವುದು, ಕಟ್ಟಡ, ಸಂಬಳ ಎಲ್ಲ ಸರ್ಕಾರದ ಕೈಯಲ್ಲಿದೆ. ದೇಶದಲ್ಲಿ ಅತಿ ಹೆಚ್ಚು ಕೇಸ್ ನಡೆಸುವುದೂ ಅದೇ ಸರ್ಕಾರ.

ಪ್ರಶ್ನೆ: ನನ್ನ ತಮ್ಮ ಬೈಕ್ ಕಳವು ಕೇಸಿನಲ್ಲಿ 14 ತಿಂಗಳಿಂದ ಜೈಲಿನಲ್ಲಿದ್ದಾನೆ. ಹಿಂದೆ ಅವನ ಮೇಲೆ ಯಾವ ಕೇಸೂ ಇಲ್ಲ. ಚಾರ್ಜ್‌ಶೀಟ್ ಆಗಿದೆ, ಸಾಕ್ಷಿಗಳು ಬರುತ್ತಿಲ್ಲ. ಜಾಮೀನು ಸಿಕ್ಕಿತ್ತು ಸಾರ್, ಆದರೆ ಇಬ್ಬರು ಶೂರಿಟಿ, ಪಹಣಿ ಬೇಕು ಅಂದರು. ನಮಗೆ ಜಮೀನೇ ಇಲ್ಲ. ಏನು ಮಾಡಲಿ?
(ಒಬ್ಬ ಅಕ್ಕ, ರಾಯಚೂರು ಕಡೆ)

ಉತ್ತರ: ತಾಯಿ, ನಿಮ್ಮ ತಮ್ಮ ಇಷ್ಟೊತ್ತಿಗೆ ಹೊರಗಿರಬೇಕಿತ್ತು. ಲೆಕ್ಕ ನೋಡಿ.

ಸಾದಾ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆ ಆಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ವಿಚಾರಣೆಯಲ್ಲೇ ಜೈಲಿನಲ್ಲಿ ಕಳೆದಿದ್ದರೆ ಕೋರ್ಟ್ ಅವನನ್ನು ಬಿಡಬೇಕು. ಮೂರು ವರ್ಷದಲ್ಲಿ ಮೂರನೇ ಒಂದು ಅಂದರೆ 12 ತಿಂಗಳು. ಅವನಿಗೆ 14 ಆಗಿದೆ. ಅದಕ್ಕಿಂತ ಮುಖ್ಯವಾದ್ದು, ಇಂಥವರನ್ನು ‘ಬಾಂಡ್’ ಮೇಲೆ ಬಿಡಬೇಕು ಅಂತಿದೆ. ಅದೇ ಸಂಹಿತೆಯಲ್ಲಿ ಬಾಂಡ್ ಅಂದರೆ ಶೂರಿಟಿ ಇಲ್ಲದ ಸ್ವಂತ ಮುಚ್ಚಳಿಕೆ ಅಂತ ಬರೆದಿದೆ. ಪಹಣಿಯ ಮಾತೇ ಬರಲ್ಲ! ಜುಲೈ 2024ಕ್ಕೆ ಮುಂಚೆ ಶುರುವಾದ ಕೇಸಿಗೂ ಇದು ಅನ್ವಯಿಸುತ್ತದೆ ಅಂತ ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡು ಎಚ್ಚರಿಕೆ ಇದೆ. ಅವನ ಮೇಲೆ ಬೇರೆ ಕೇಸ್ ಬಾಕಿ ಇದ್ದರೆ ಈ ಸೌಲಭ್ಯ ಸಿಗಲ್ಲ. ಒಂದೇ ಠಾಣೆಯಲ್ಲಿ ಹಳೆಯ ಕಳವುಗಳನ್ನೆಲ್ಲ ಸಿಕ್ಕವನ ತಲೆಗೆ ಕಟ್ಟುವುದು ಹೊಸದೇನಲ್ಲ, ಅದಕ್ಕೇ ಚಾರ್ಜ್‌ಶೀಟ್ ಸರಿಯಾಗಿ ಓದಿಸಿ. ಮತ್ತೆ, ಮನೆಯೊಳಗಿನ ಕಳವು ಅಂತ ಕಲಮು ಹಾಕಿದ್ದರೆ ಗರಿಷ್ಠ ಏಳು ವರ್ಷ, ಆಗ ಲೆಕ್ಕ ಬದಲಾಗುತ್ತದೆ. ಆದರೂ ಇನ್ನೊಂದು ದಾರಿ ಇದೆ. ಮ್ಯಾಜಿಸ್ಟ್ರೇಟ್ ಕೋರ್ಟ್‌ನ ಕೇಸಿನಲ್ಲಿ ಸಾಕ್ಷಿಗೆ ಇಟ್ಟ ಮೊದಲ ತಾರೀಕಿನಿಂದ 60 ದಿನದಲ್ಲಿ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಒಳಗೇ ಇದ್ದವನಿಗೆ ಜಾಮೀನು ಕೊಡಬೇಕು. ಬೇಡ ಅನ್ನುವುದಾದರೆ ಮ್ಯಾಜಿಸ್ಟ್ರೇಟರು ಕಾರಣ ಬರೆಯಬೇಕು.

ಈ ಅರ್ಜಿಗೆ ನೀವು ವಕೀಲರಿಗೆ ದುಡ್ಡು ಕೊಡಬೇಕಿಲ್ಲ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. 15100ಗೆ ಫೋನ್ ಮಾಡಿ, ಅಥವಾ ರಾಯಚೂರು ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಿ. ಹೋಗುವಾಗ ಕೇಸ್ ನಂಬರ್, ಅರೆಸ್ಟ್ ಆದ ತಾರೀಕು, ಜಾಮೀನು ಆದೇಶದ ನಕಲು ಇಟ್ಟುಕೊಳ್ಳಿ. ಅವಧಿ ಮುಗಿದ ಕೂಡಲೇ ಕೋರ್ಟ್‌ಗೆ ಬರೆಯುವುದು ಜೈಲ್ ಸೂಪರಿಂಟೆಂಡೆಂಟ್ ಕೆಲಸ ಅಂತಲೂ 479ರಲ್ಲೇ ಇದೆ. ‘ಬರೆದಿದ್ದೀರಾ?’ ಅಂತ ಕೇಳಿ. ಜಗಳ ಬೇಡ, ಕೇಳಿದರೆ ಸಾಕು.

ಜಾಮೀನು ಸಿಕ್ಕೂ ಹೊರಗೆ ಬರಲಾಗದವರ ಬಗ್ಗೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಒಂದಿದೆ. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಸೂಪರಿಂಟೆಂಡೆಂಟ್ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶೂರಿಟಿ ಕೊಡಲು ಆಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು.

ನಿಮ್ಮ ತಮ್ಮನ ಕಥೆ ನಲವತ್ತು ವರ್ಷಕ್ಕಿಂತ ಹಳೆಯದು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನ ಹಿಡಿದುಕೊಂಡು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟ್‌ಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣ ಅಂತ ಅದಕ್ಕೆ ಹೆಸರು. ಅಪರಾಧ ಸಾಬೀತಾಗಿದ್ದರೂ ಅಷ್ಟು ವರ್ಷ ಶಿಕ್ಷೆ ಆಗುತ್ತಿರಲಿಲ್ಲ, ಅದಕ್ಕಿಂತ ಜಾಸ್ತಿ ಒಳಗಿದ್ದವರೂ ಅಲ್ಲಿದ್ದರು. ಬೇಗ ವಿಚಾರಣೆ ಆಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅಲ್ಲೇ ಹೇಳಿದ್ದು. ಬಡವನಿಗೆ ಆಸ್ತಿ ಶೂರಿಟಿ ಕೇಳುವುದನ್ನೂ ಅವರು ಟೀಕಿಸಿದರು. ಇಷ್ಟಾಗಿಯೂ 2022ರ ಅಧಿಕೃತ ಲೆಕ್ಕ ನೋಡಿದರೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು. ಓದಿದರೆ ಸಿಟ್ಟು ಬರುತ್ತೆ ಅಲ್ವಾ?

ಪ್ರಶ್ನೆ: ನಮ್ಮ ಸಂಬಂಧಿಕರ ಮೇಲೆ ಆದಾಯಕ್ಕಿಂತ ಹೆಚ್ಚು ಆಸ್ತಿಯ ಕೇಸ್ ಇದೆ. ಒಂಬತ್ತು ವರ್ಷ ಆಯ್ತು, ಸಾಕ್ಷಿ ವಿಚಾರಣೆ ಇನ್ನೂ ಶುರುವಾಗಿಲ್ಲ. ಇಷ್ಟು ತಡವಾದರೆ ಕೇಸ್ ತಾನಾಗಿ ಬಿದ್ದುಹೋಗುತ್ತೆ ಅಂತಾರೆ, ನಿಜವಾ?
(ಹೆಸರು ಬೇಡ, ಮಂಗಳೂರು)

ಉತ್ತರ: ನಿಜ ಅಲ್ಲ. ತಮಾಷೆ ಅಂದ್ರೆ, ಇದನ್ನು ತೀರ್ಮಾನ ಮಾಡಿದ್ದು ನಿಮ್ಮ ಊರಿನಿಂದಲೇ ಹೋದ ಕೇಸ್. 1996ರಲ್ಲೂ 1998ರಲ್ಲೂ ಸುಪ್ರೀಂ ಕೋರ್ಟ್‌ನ ಸಣ್ಣ ಪೀಠಗಳು ‘ಇಷ್ಟು ವರ್ಷದಲ್ಲಿ ಆಗದಿದ್ದರೆ ಆರೋಪಿಯನ್ನು ಬಿಡಿ’ ಅಂತ ಗಡುವು ಹಾಕಿದ್ದವು. ಮಂಗಳೂರು ಪಾಲಿಕೆಯ ನೌಕರರೊಬ್ಬರ ಮೇಲಿದ್ದ ಇಂಥದೇ ಆಸ್ತಿ ಕೇಸ್ ಆ ಲೆಕ್ಕದಲ್ಲಿ ಮುಗಿದು, ಹೈಕೋರ್ಟ್‌ನಲ್ಲಿ ಮತ್ತೆ ತೆರೆದು, ದೆಹಲಿಗೆ ಹೋಯಿತು. 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ (ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ಸರ್ಕಾರ) ಆ ಗಡುವುಗಳನ್ನೆಲ್ಲ ತೆಗೆದುಹಾಕಿತು. ಬೇಗ ವಿಚಾರಣೆಯ ಹಕ್ಕು ಇದೆ, ಆದರೆ ಅದಕ್ಕೆ ಒಂದೇ ಅಳತೆಯ ಕೊನೆಯ ದಿನ ಅಂತ ಕೋರ್ಟ್ ಹಾಕಲಾರದು ಅಂದಿತು.

ನನಗೆ ಆ ತೀರ್ಪು ಸರಿ ಅನಿಸುತ್ತದೆ. ಗಡುವು ಇದ್ದಿದ್ದರೆ ವಾಯಿದೆ ತೆಗೆದುಕೊಳ್ಳುವ ಕಲೆ ಗೊತ್ತಿದ್ದವನೇ ಗೆಲ್ಲುತ್ತಿದ್ದ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ತಡಕ್ಕೆ ಯಾರು ಕಾರಣ, ಆರೋಪಿಗೆ ಎಷ್ಟು ಹಾನಿ ಆಗಿದೆ ಅಂತ 1992ರ ಅಂತುಳೆ ಪ್ರಕರಣದಲ್ಲಿ ಹೇಳಿದ ಅಂಶಗಳನ್ನು ತೂಗಿ ಹೈಕೋರ್ಟ್ ಕೇಸ್ ರದ್ದು ಮಾಡಬಹುದು. ನಿಮ್ಮ ಸಂಬಂಧಿಕರು ಒಂಬತ್ತು ವರ್ಷದಲ್ಲಿ ಎಷ್ಟು ಸಲ ಡೇಟ್ ಕೇಳಿದ್ದಾರೆ ಅಂತ ಮೊದಲು ವಿಚಾರಿಸಿ.

ಪ್ರಶ್ನೆ: ನಮ್ಮ ಕ್ಷೇತ್ರದ ಶಾಸಕರು ನಮಗೆ ತುಂಬಾ ಆಪ್ತರು. ನಮ್ಮ ಕೇಸ್ ನ್ಯಾಯವಾದದ್ದೇ. ಜಡ್ಜ್‌ಗೆ ಒಂದು ಮಾತು ಹೇಳಿಸಿದರೆ ತಪ್ಪಾ?
(ತುಮಕೂರು ಜಿಲ್ಲೆ)

ಉತ್ತರ: ತಪ್ಪು. ಅಪಾಯ ಕೂಡ. ಸ್ವಲ್ಪ ಗಟ್ಟಿ ಜಡ್ಜ್ ಆದರೆ ಆ ಫೋನ್ ವಿಷಯವನ್ನು ತೆರೆದ ಕೋರ್ಟ್‌ನಲ್ಲಿ ಹೇಳಿ ದಾಖಲು ಮಾಡುತ್ತಾರೆ, ಆಮೇಲೆ ನಿಮ್ಮ ನ್ಯಾಯವಾದ ಕೇಸನ್ನು ದೇವರೇ ಕಾಯಬೇಕು. ತಾಲ್ಲೂಕು ಜಡ್ಜ್‌ನ ವರ್ಗಾವಣೆ, ಬಡ್ತಿ, ಶಿಸ್ತು ಕ್ರಮ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟ್ ಹಿಡಿತದಲ್ಲಿದೆ. ತಹಶೀಲ್ದಾರರ ಥರ ಅಲ್ಲ. ನಿಮ್ಮ ಶಾಸಕರಿಗೂ ಇದು ಗೊತ್ತಿರುತ್ತದೆ, ನಿಮ್ಮ ಮುಂದೆ ಸುಮ್ನೆ ‘ನೋಡೋಣ’ ಅಂದಿರುತ್ತಾರೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಜಡ್ಜ್‌ಗಳನ್ನು ಜಡ್ಜ್‌ಗಳೇ ನೇಮಿಸುವ ಕೊಲಿಜಿಯಂ ಪದ್ಧತಿ ಬೇರೆಲ್ಲೂ ಇಲ್ಲ ಅಂತಾರೆ. ಚುನಾಯಿತ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟರೆ ಏನು ತಪ್ಪು?
(ಧಾರವಾಡ)

ಉತ್ತರ: ಕೊಟ್ಟಿದ್ದೆವಮ್ಮ. ಏನಾಯ್ತು ಅನ್ನುವುದಕ್ಕೆ ಕನ್ನಡದ ನೆಲದಲ್ಲೇ ಉದಾಹರಣೆ ಇದೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣ ನಿಮಗೆ ಪಾಠದಲ್ಲೇ ಇರುತ್ತದೆ. 1973ರ ಏಪ್ರಿಲ್ 24ರಂದು 7–6 ಬಹುಮತದಲ್ಲಿ ತೀರ್ಪು ಬಂತು: ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ. ಅದರ ಬೆನ್ನಿಗೇ ಸರ್ಕಾರ ಮೂವರು ಹಿರಿಯರನ್ನು ದಾಟಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಶೆಲಟ್, ಹೆಗ್ಡೆ, ಗ್ರೋವರ್ ಮೂವರೂ ಸರ್ಕಾರದ ವಿರುದ್ಧ ತೀರ್ಪು ಬರೆದ ಬಹುಮತದವರು. ಮೂವರೂ ರಾಜೀನಾಮೆ ಕೊಟ್ಟರು. ಆ ಕೆ.ಎಸ್. ಹೆಗ್ಡೆ ಕಾರ್ಕಳ ತಾಲ್ಲೂಕಿನ ಕೌಡೂರಿನವರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.

ತುರ್ತು ಪರಿಸ್ಥಿತಿಯಲ್ಲಿ ಇನ್ನೂ ಹತ್ತಿರಕ್ಕೆ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮತ್ತು ಎಸ್.ಎನ್. ಮಿಶ್ರಾ ಅವರನ್ನು 1975ರ ಜೂನ್ 26ರಂದು ಇಲ್ಲೇ ಬಂಧಿಸಿದರು. ಅವರ ಅರ್ಜಿ ಕರ್ನಾಟಕ ಹೈಕೋರ್ಟ್‌ಗೆ ಬಂತು. ‘ಈಗ ಇಂಥ ಅರ್ಜಿ ಹಾಕುವ ಹಕ್ಕೇ ಇಲ್ಲ’ ಅನ್ನುವ ಸರ್ಕಾರದ ವಾದವನ್ನು ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಒಪ್ಪಲಿಲ್ಲ. 1976ರಲ್ಲಿ ದೇಶದಾದ್ಯಂತ 16 ಹೈಕೋರ್ಟ್ ಜಡ್ಜ್‌ಗಳ ವರ್ಗಾವಣೆ ಆಯಿತು, ಅದರಲ್ಲಿ ಈ ಇಬ್ಬರೂ ಇದ್ದರು. ಒಬ್ಬರು ಅಲಹಾಬಾದಿಗೆ, ಇನ್ನೊಬ್ಬರು ಗುವಾಹಟಿಗೆ. ಇದೇ ಪ್ರಶ್ನೆ ಸುಪ್ರೀಂ ಕೋರ್ಟ್‌ಗೆ ಹೋದಾಗ ಅಲ್ಲಿನ ಬಹುಮತ ಸರ್ಕಾರದ ವಾದವನ್ನೇ ಒಪ್ಪಿತು. ಒಬ್ಬಂಟಿಯಾಗಿ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರನ್ನು 1977ರ ಜನವರಿಯಲ್ಲಿ ದಾಟಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಬಹುಮತದ ತೀರ್ಪನ್ನು 2017ರಲ್ಲಿ ಒಂಬತ್ತು ಜನರ ಪೀಠ ಕಿತ್ತುಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈ ಹಿನ್ನೆಲೆಯಲ್ಲೇ 1993ರಲ್ಲಿ ಕೊಲಿಜಿಯಂ ಹುಟ್ಟಿದ್ದು. 2014ರಲ್ಲಿ ಸಂಸತ್ತು ತಂದ, ಜಡ್ಜ್‌ಗಳ ಆಯ್ಕೆಯಲ್ಲಿ ಸರ್ಕಾರಕ್ಕೂ ಜಾಗ ಇದ್ದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್ 16ರಂದು 4–1ರಲ್ಲಿ ರದ್ದು ಮಾಡಿದ್ದೂ ಇದೇ ಭಯದಿಂದ.

ಹಾಗಂತ ನಾನು ಕೊಲಿಜಿಯಂ ಭಕ್ತನೇನಲ್ಲ. 2017ರಲ್ಲಿ ನಮ್ಮ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಜಯಂತ್ ಪಟೇಲ್ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗುವ ಹೊತ್ತಿಗೆ ಅಲಹಾಬಾದಿಗೆ ವರ್ಗ ಅಂತ ಬಂತು. ಅವರು ರಾಜೀನಾಮೆ ಕೊಟ್ಟರು, ಬೆಂಗಳೂರಿನ ವಕೀಲರು ಪ್ರತಿಭಟನೆ ಮಾಡಿದರು. ವರ್ಗ ಮಾಡಿದ್ದು ಕೊಲಿಜಿಯಂ. ಯಾಕೆ ಅಂತ ಜನರಿಗೆ ಯಾರೂ ಹೇಳಲಿಲ್ಲ. ಒಳಗಿನವರಿಂದಲೇ ಜಡ್ಜ್‌ಗೆ ಹೀಗಾದರೆ ಹೊರಗಿನವರಿಂದ ಕಾಪಾಡಿ ಏನು ಬಂತು? ನನ್ನ ಪ್ರಕಾರ ನೇಮಕಕ್ಕೂ ವರ್ಗಾವಣೆಗೂ ಕಾರಣ ಬರೆದು ಪ್ರಕಟಿಸಬೇಕು. ಆದರೆ ಅತಿ ಹೆಚ್ಚು ಕೇಸ್ ನಡೆಸುವ ಕಕ್ಷಿದಾರನಿಗೇ ಜಡ್ಜ್ ಆರಿಸುವ ಕೆಲಸ ಕೊಡಬಾರದು. ಪರೀಕ್ಷೆಯಲ್ಲಿ ಹೀಗೇ ಬರೆಯಬೇಡಿ, ಮೇಷ್ಟ್ರು ಯಾವ ಕಡೆ ಅಂತ ನೋಡಿಕೊಳ್ಳಿ.

ಪ್ರಶ್ನೆ: ತಮಿಳುನಾಡಿನಲ್ಲಿರುವ ಕನ್ನಡಿಗ ನಾನು. ನನ್ನ ಎದುರಾಳಿ ಇಲ್ಲಿನ ಪ್ರಭಾವಿ. ಜಯಲಲಿತಾ ಕೇಸ್ ಬೆಂಗಳೂರಿಗೆ ಬಂದ ಹಾಗೆ ನನ್ನ ಕೇಸನ್ನೂ ಬೇರೆ ಕಡೆ ಹಾಕಿಸಬಹುದಾ?
(ಹೊಸೂರು)

ಉತ್ತರ: ಆ ಕೇಸ್ ಯಾಕೆ ಬಂತು ನೋಡಿ. 2001ರಲ್ಲಿ ಆರೋಪಿಯೇ ಮತ್ತೆ ಮುಖ್ಯಮಂತ್ರಿ ಆದರು. ಅವರ ಮೇಲೆ ಕೇಸ್ ನಡೆಸಬೇಕಾದ ಪ್ರಾಸಿಕ್ಯೂಟರ್ ಅವರದೇ ಸರ್ಕಾರದವರು. ಮೊದಲೇ ಸಾಕ್ಷ್ಯ ಹೇಳಿ ಹೋಗಿದ್ದವರನ್ನು ಪಾಟೀಸವಾಲಿಗೆ ಅಂತ ಮತ್ತೆ ಕರೆಸಿದರು, ಬಹಳಷ್ಟು ಜನ ತಿರುಗಿಬಿದ್ದರು, ಪ್ರಾಸಿಕ್ಯೂಷನ್ ತುಟಿ ಬಿಚ್ಚಲಿಲ್ಲ. ಡಿಎಂಕೆಯ ಅನ್ಬಳಗನ್ ಅರ್ಜಿ ಹಾಕಿ, 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಅದನ್ನು ಬೆಂಗಳೂರಿಗೆ ಕಳಿಸಿತು. ಅಂದರೆ ಸುಮ್ನೆ ‘ಪ್ರಭಾವಿ’ ಅಂದರೆ ಸಾಲದು, ನಡೆದದ್ದನ್ನು ತೋರಿಸಬೇಕು.

ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ತೀರ್ಪು ಕೊಟ್ಟದ್ದು 2014ರ ಸೆಪ್ಟೆಂಬರ್ 27ರಂದು: ನಾಲ್ಕು ವರ್ಷ ಜೈಲು, 100 ಕೋಟಿ ದಂಡ. ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರಿಗೇ ಹಾಗೆ ತೀರ್ಪು ಬರೆಯಲು ಒಬ್ಬ ವಿಚಾರಣಾ ನ್ಯಾಯಾಧೀಶರಿಗೆ ಸಾಧ್ಯವಾಯಿತು. 2015ರ ಮೇನಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಆ ಖುಲಾಸೆ ತಳ್ಳಿಹಾಕಿ ಶಶಿಕಲಾ ಮತ್ತಿಬ್ಬರನ್ನು ಜೈಲಿಗೆ ಕಳಿಸಿತು. ಅಷ್ಟರಲ್ಲಿ ಮುಖ್ಯ ಆರೋಪಿ ತೀರಿಕೊಂಡು ಎರಡು ತಿಂಗಳಾಗಿತ್ತು. ಆರೋಪ ಇದ್ದದ್ದು 1991–96ರ ಅವಧಿಯ ಬಗ್ಗೆ! ಜಾಗ ಬದಲಾಗಿದ್ದರಿಂದ ನ್ಯಾಯವಾದ ವಿಚಾರಣೆ ಸಿಕ್ಕಿತು, ಆದರೆ ಅದಕ್ಕೆ ಇಷ್ಟು ವರ್ಷ ಬೇಕಾಯಿತು.

ನಿಮ್ಮ ವಿಷಯಕ್ಕೆ ಬರೋಣ. ರಾಜ್ಯದಿಂದ ರಾಜ್ಯಕ್ಕೆ ಬೇಕಾದರೆ ದೆಹಲಿಗೇ ಹೋಗಬೇಕು, ಖರ್ಚು ಜಾಸ್ತಿ, ಸಿಗುವ ಸಾಧ್ಯತೆ ಕಮ್ಮಿ. ಅದರ ಬದಲು ಸಿವಿಲ್ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಿಗೆ, ಕ್ರಿಮಿನಲ್ ಆದರೆ ಸೆಷನ್ಸ್ ನ್ಯಾಯಾಧೀಶರಿಗೆ ಅಥವಾ ಮದ್ರಾಸ್ ಹೈಕೋರ್ಟ್‌ಗೆ ಅರ್ಜಿ ಹಾಕಿ. ಬೆದರಿಕೆ ಬಂದಿದ್ದರೆ ಪೊಲೀಸ್ ದೂರಿನ ನಕಲು, ಸಾಕ್ಷಿಗಳ ಪ್ರಮಾಣಪತ್ರ ಲಗತ್ತಿಸಿ. ಜಡ್ಜ್ ನಿಮ್ಮ ಕಡೆ ನೋಡಿ ನಗಲಿಲ್ಲ ಅನ್ನುವುದು ಕಾರಣ ಆಗಲ್ಲ.

ಪ್ರಶ್ನೆ: ಹೈಕೋರ್ಟ್‌ನಲ್ಲಿ ನಮ್ಮ ಅಪೀಲಿನ ವಾದ ಮುಗಿದು ಐದು ತಿಂಗಳು. ತೀರ್ಪು ಕಾದಿರಿಸಿದ್ದಾರೆ. ಕೇಳಿದರೆ ಜಡ್ಜ್‌ಗೆ ಕೋಪ ಬರುತ್ತೆ ಅಂತ ವಕೀಲರು ಹೆದರುತ್ತಾರೆ.
(ಶಿವಮೊಗ್ಗ)

ಉತ್ತರ: ಹೆದರಬೇಕಾಗಿಲ್ಲ. 2001ರ ಅನಿಲ್ ರೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೇ ನಿಯಮ ಮಾಡಿದೆ. ಮೂರು ತಿಂಗಳಾದರೂ ತೀರ್ಪು ಬರದಿದ್ದರೆ ಬೇಗ ಕೊಡಿ ಅಂತ ಅದೇ ಹೈಕೋರ್ಟ್‌ನಲ್ಲಿ ಅರ್ಜಿ ಹಾಕಬಹುದು. ಆರು ತಿಂಗಳಾದರೆ ಕೇಸನ್ನು ವಾಪಸ್ ತೆಗೆದು ಬೇರೆ ಪೀಠಕ್ಕೆ ಕೊಡಿ ಅಂತ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಬಹುದು, ಆದರೆ ವಾದ ಮೊದಲಿನಿಂದ ಮಾಡಬೇಕಾಗುತ್ತದೆ. ನಿಮಗೆ ಐದು ಆಗಿದೆ. ಮೊದಲ ಅರ್ಜಿಯನ್ನು ಈ ವಾರವೇ ಹಾಕಿಸಿ, ಎರಡನೆಯದಕ್ಕೆ ಅವಸರ ಮಾಡಬೇಡಿ.